ಪ್ರತಿಕ್ರಿಯೆ: ಐದು ತಿಂಗಳ ಲ್ಯಾಬ್ರಡಾರ್ ಮತ್ತೆ ಮನೆಯೊಳಗೇ ಉಚ್ಚೆ ಹೊಯ್ಯುತ್ತಿದೆ

ಮೂರು ವಾರ ಸರಿಯಾಗಿದ್ದ ಹೆಣ್ಣುಮರಿ ಈಗ ಮತ್ತೆ ಒಳಗೇ ಹೊಯ್ಯುತ್ತಿದೆ, ತರಬೇತಿ ತಪ್ಪಿತೇ, ಸೊಂಟದ ಎಕ್ಸ್‌ರೇ ಈಗಲೇ ಬೇಕೇ ಎಂದು ಕೇಳಿದ್ದೀರಿ. ಬೈಯುವ ಮುಂಚೆ ಮೂತ್ರ ಪರೀಕ್ಷೆ ಮಾಡಿಸಿ. ಬೆಳಗಿನ ಮೊದಲ ಉಚ್ಚೆಯನ್ನು, ಶುರುವಾದ ಒಂದೆರಡು ಸೆಕೆಂಡ್ ಬಿಟ್ಟು, ತೊಳೆದೊಣಗಿಸಿದ ಉದ್ದ ಹಿಡಿಯ ಸೌಟಿನಲ್ಲಿ ಹಿಡಿಯಿರಿ. ತಕ್ಷಣ ಒಯ್ಯಲಾಗದಿದ್ದರೆ ಫ್ರಿಜ್‌ನಲ್ಲಿಡಿ. ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾತ್ರ ಈ ಮಾದರಿ ಸಾಲದು. ವೈದ್ಯರು ಸೂಜಿಯಿಂದ ನೇರ ಮೂತ್ರಕೋಶದಿಂದ ತೆಗೆಯಬೇಕು.

ಮರಿ ಹೇಗೆ ಹೊಯ್ಯುತ್ತದೆ ಎನ್ನುವುದೇ ಅರ್ಧ ಉತ್ತರ. ಪದೇ ಪದೇ ಕುಕ್ಕರಿಸಿ ನಾಲ್ಕೇ ಹನಿ ಬಂದರೆ ಸೋಂಕಿನ ಅನುಮಾನ. ಮಲಗಿದ್ದಲ್ಲೇ ಒದ್ದೆ, ಹಿಂಗಾಲಿನ ಕೂದಲು ಸದಾ ತೇವ ಎಂದರೆ ಮೂತ್ರಪಿಂಡದಿಂದ ಬರುವ ಮೂತ್ರನಾಳ ಹುಟ್ಟಿನಿಂದಲೇ ಮೂತ್ರಕೋಶದ ಬದಲು ತಪ್ಪು ಜಾಗಕ್ಕೆ ಸೇರಿರಬಹುದು. ಲ್ಯಾಬ್ರಡಾರ್ ಹೆಣ್ಣುಗಳಲ್ಲಿ ಇದು ಬೇರೆ ಹಲವು ತಳಿಗಳಿಗಿಂತ ಹೆಚ್ಚು, ಸ್ಕ್ಯಾನ್ ಬೇಕು. ದಿನಕ್ಕೆ ಕೆಜಿಗೆ 100 ಮಿಲೀ ಮೀರಿ ನೀರು ಕುಡಿಯುತ್ತಿದ್ದರೆ ರಕ್ತ ಪರೀಕ್ಷೆಯೂ ಆಗಲಿ. ನೀರು ಮಾತ್ರ ಕಡಿಮೆ ಮಾಡಬೇಡಿ.

ಎಲ್ಲ ಸರಿಯಿದ್ದರೆ ಒಂದು ವಾರ ಹಳೆಯ ಪಾಠಕ್ಕೇ ಮರಳಿ: ಎದ್ದೊಡನೆ, ಉಂಡೊಡನೆ, ಆಡಿದೊಡನೆ ಹೊರಗೆ. ಕಲೆಗೆ ಎನ್ಜೈಮ್ ಕ್ಲೀನರ್ ಹಾಕಿ, ಬಾಟಲಿ ಹೇಳುವಷ್ಟು ಹೊತ್ತು ನೆನೆಯಲಿ. ಅಮೋನಿಯಾ ಇರುವ ದ್ರಾವಣ ಬೇಡ, ಅದು ಮೂತ್ರದಂತೆಯೇ ನಾರುತ್ತದೆ.

ಸೊಂಟದ ವಿಷಯ: ಸೊಂಟದ ಕೀಲಿನ ಸಡಿಲತೆ ಅಳೆಯುವ ಪೆನ್‌ಹಿಪ್ ಎಕ್ಸ್‌ರೇ 16 ವಾರದಿಂದಲೇ ಸಾಧ್ಯ, ಅಮೆರಿಕದ ಓಎಫ್‌ಎ ಸಂಸ್ಥೆ ಸೊಂಟಕ್ಕೆ ಕೊಡುವ ಅಂತಿಮ ಗ್ರೇಡ್ 24 ತಿಂಗಳ ನಂತರವೇ. ಕುಂಟು, ಮೊಲದ ಕುಪ್ಪಳಿಕೆ (ಹಿಂಗಾಲೆರಡನ್ನೂ ಒಟ್ಟಿಗೆ ಎತ್ತಿ ಓಡುವುದು) ಇಲ್ಲದಿದ್ದರೆ ಆತುರವಿಲ್ಲ. ಪಿಆರ್‌ಎ (ಕ್ರಮೇಣ ಕುರುಡಾಗಿಸುವ ಕಣ್ಣಿನ ರೋಗ), ಇಐಸಿ (ಜೋರಾಗಿ ಓಡಾಡಿದಾಗ ಕುಸಿದು ಬೀಳುವ ರೋಗ) ಡಿಎನ್‌ಎ ಪರೀಕ್ಷೆಗಳಿಗೆ ವಯಸ್ಸಿನ ಹಂಗಿಲ್ಲ; ಕೆನ್ನೆಯ ಒಳಗಿನ ಸ್ವಾಬ್ ಸಾಕು. ತಂದೆ ತಾಯಿ ಎರಡರ ವರದಿಯನ್ನೂ ಬ್ರೀಡರ್ ಹತ್ತಿರ ಕೇಳಿ. ವಂಶಾವಳಿ ಪತ್ರ ಆರೋಗ್ಯ ಪತ್ರವಲ್ಲ.