ಟ್ರೈಕೋಗ್ರಾಮ ಪ್ರಭೇದ ಗುರುತಿಸಲು ಬಣ್ಣ ನೋಡಬೇಡಿ, ಗಂಡು ಹಿಡಿಯಿರಿ

ಟ್ರೈಕೋಗ್ರಾಮ ಎಂದರೆ ಬೇರೆ ಕೀಟಗಳ ಮೊಟ್ಟೆಯೊಳಗೆ ಬೆಳೆಯುವ ಪುಟ್ಟ ಕಣಜ. ನಿಮ್ಮ ಪ್ರಶ್ನೆ ಇದು: ಪ್ರಯೋಗಾಲಯದ ಟ್ರೈಕೋ ಕಾರ್ಡಿನಿಂದ (ಕಣಜ ಒಳಗಿರುವ ಅಕ್ಕಿ ಪತಂಗದ ಮೊಟ್ಟೆ ಅಂಟಿಸಿದ ಹಾಳೆಯಿಂದ) ಬಂದ ಕಣಜಗಳು ಹಳದಿ, ಕಬ್ಬಿನ ಗದ್ದೆಯಲ್ಲಿ ಸಿಕ್ಕವು ಕಂದು. ಇವು ಎರಡು ಪ್ರಭೇದಗಳೇ? ಡಿಎನ್‌ಎ ಪರೀಕ್ಷೆ ಮಾಡಿಸಲೇಬೇಕೆ?

ಬಣ್ಣ ನೋಡಿ ಏನನ್ನೂ ತೀರ್ಮಾನಿಸಬೇಡಿ. ಟ್ರೈಕೋಗ್ರಾಮ ಕಿಲೋನಿಸ್ ತಂಪಿನಲ್ಲಿ ಬೆಳೆದರೆ ಎದೆ, ಹೊಟ್ಟೆ ಕಪ್ಪಾಗುತ್ತವೆ. ಬಿಸಿಯಲ್ಲಿ ಬೆಳೆದರೆ ಅದೇ ಸಂತತಿ ಹಳದಿ. ಗಾತ್ರವೂ ನಂಬಿಕೆಗೆ ಅರ್ಹವಲ್ಲ. ಅದು ಬೆಳೆದ ಮೊಟ್ಟೆಯ ಗಾತ್ರ, ಒಂದೇ ಮೊಟ್ಟೆಯೊಳಗೆ ಎಷ್ಟು ಮರಿಗಳಿದ್ದವು ಎಂಬುದರ ಮೇಲೆ ನಿಂತಿದೆ. ಟ್ರೈಕೋಗ್ರಾಮ ಸೆಂಬ್ಲಿಡಿಸ್‌ನಲ್ಲಿ ಇದು ಎಲ್ಲಿಯವರೆಗೆ ಹೋಗುತ್ತದೆಂದರೆ, ಪತಂಗದ ಮೊಟ್ಟೆಯಿಂದ ಬಂದ ಗಂಡಿಗೆ ರೆಕ್ಕೆ ಇರುತ್ತದೆ, ಸಿಯಾಲಿಸ್ ಕೀಟದ ಮೊಟ್ಟೆಯಿಂದ ಬಂದ ಗಂಡಿಗೆ ಇರುವುದಿಲ್ಲ.

ಪ್ರಭೇದ ತಿಳಿಯುವುದು ಗಂಡಿನ ಜನನಾಂಗದಿಂದ. ಇದನ್ನು ಗಟ್ಟಿಯಾಗಿ ತೋರಿಸಿದ್ದು ಬೆಂಗಳೂರಿನಲ್ಲಿ ಕೆಲಸ ಮಾಡಿದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ, 1971ರ ಲೇಖನದಲ್ಲಿ. ಹಿಂದೆ ನಮ್ಮಲ್ಲಿನ ಕಿಲೋನಿಸ್‌ಗೆ ಆಸ್ಟ್ರೇಲಿಕಮ್ ಎಂಬ ಹೆಸರು ಓಡಾಡುತ್ತಿತ್ತು. ಹಳೆಯ ವರದಿ ಓದುವಾಗ ಇದು ನೆನಪಿರಲಿ.

ಮೊದಲು ಕುಲ ಖಚಿತಪಡಿಸಿಕೊಳ್ಳಿ. ಪಾದದಲ್ಲಿ ಮೂರೇ ಗೆಣ್ಣು, ಮುಂರೆಕ್ಕೆಯ ಮೇಲೆ ಸಾಲುಸಾಲಾಗಿ ಕೂದಲು. ಟ್ರೈಕೋಗ್ರಾಮ ಗಂಡಿನ ಕುಡಿಮೀಸೆಯ ತುದಿಭಾಗ ಗೆಣ್ಣಿಲ್ಲದ ಒಂದೇ ತುಂಡು, ಅದರ ತುಂಬ ಉದ್ದ ಕೂದಲು. ಅಲ್ಲಿ ಗೆಣ್ಣುಗಳು ಬಿಡಿಬಿಡಿಯಾಗಿ ಕಂಡರೆ ಅದು ಟ್ರೈಕೋಗ್ರಾಮಟಾಯ್ಡಿಯ. ಇವೆರಡನ್ನು ಬೆರೆಸುವ ತಪ್ಪು ಬಹಳ ಸಾಮಾನ್ಯ.

ಇನ್ನು ಸ್ಲೈಡ್. ಕಣಜ ಸುಮಾರು ಅರ್ಧ ಮಿಲಿಮೀಟರು, ಆದ್ದರಿಂದ ಕೈಯ ಅವಸರವೇ ಇಲ್ಲಿ ದೊಡ್ಡ ಶತ್ರು. ಒಣಗಿದ ಕಣಜ ಸುಕ್ಕಾಗುತ್ತದೆ. ಹೊರಬಂದ ಕೂಡಲೇ 70 ಶೇಕಡಾ ಆಲ್ಕೊಹಾಲಿಗೆ ಹಾಕಿ. ಮುಂದೆ ಡಿಎನ್‌ಎ ಬೇಕಾಗಬಹುದು ಅನಿಸಿದರೆ ಕೆಲವನ್ನು 95 ಶೇಕಡಾದಲ್ಲಿ ಫ್ರೀಜರಿನಲ್ಲಿಡಿ. ಸ್ಲೈಡಿನ ಮೇಲೆ ಕಣಜ ಕೂರಿಸಲು, ದಿನನಿತ್ಯದ ಕೆಲಸಕ್ಕೆ ನಾನು ಹೋಯರ್ ದ್ರಾವಣವನ್ನೇ ಹೇಳುತ್ತೇನೆ: 50 ಮಿಲಿ ಬಟ್ಟಿ ನೀರಿನಲ್ಲಿ 30 ಗ್ರಾಂ ಅರೇಬಿಕ್ ಗೋಂದು ಪೂರ್ತಿ ಕರಗಿಸಿ, ಆಮೇಲೆ 200 ಗ್ರಾಂ ಕ್ಲೋರಲ್ ಹೈಡ್ರೇಟ್, ಕೊನೆಗೆ 20 ಮಿಲಿ ಗ್ಲಿಸರಿನ್. ಕೈಗವಸು ಹಾಕಿಕೊಳ್ಳಿ. ಈ ದ್ರಾವಣವೇ ಒಳಗಿನ ಅಂಗಾಂಶ ಕರಗಿಸುವುದರಿಂದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕಾಗುವುದಿಲ್ಲ. ಆ ಹೈಡ್ರಾಕ್ಸೈಡಿನಲ್ಲಿ ಹೆಚ್ಚು ಹೊತ್ತು ಬಿಟ್ಟರೆ ಕಣಜ ಮೆತ್ತಗಾಗಿ ಅಳೆಯಬೇಕಾದ ಕುಡಿಮೀಸೆಯೇ ಹಾಳಾಗುತ್ತದೆ. ಸಣ್ಣ ಹನಿಯೊಂದರಲ್ಲಿ ಗಂಡನ್ನು ಬೆನ್ನು ಮೇಲಾಗಿ ಕೂರಿಸಿ, ಕವರ್ ಸ್ಲಿಪ್ ಓರೆಯಾಗಿ ಇಳಿಸಿ. ಒಣಗಿದ ಮೇಲೆ ಅಂಚಿಗೆ ನೇಲ್ ಪಾಲಿಶ್ ಬಳಿಯದಿದ್ದರೆ ನಮ್ಮ ಮಳೆಗಾಲದಲ್ಲಿ ತೇವ ಎಳೆದು ಕೆಡುತ್ತದೆ. ಸಂಗ್ರಹಾಲಯಕ್ಕೆ ಕೊಡುವ ಮಾದರಿಗಾದರೆ ಕೆನಡಾ ಬಾಲ್ಸಮ್ಮೇ ಆಗಬೇಕು.

ಸೂಕ್ಷ್ಮದರ್ಶಕದ 400 ಪಟ್ಟಿನಲ್ಲಿ ಹುಡುಕಿ, 1000 ಪಟ್ಟಿನಲ್ಲಿ ಎಣ್ಣೆ ಹಾಕಿ ನೋಡಿ. ಪಾರದರ್ಶಕ ಭಾಗಗಳನ್ನೂ ಎದ್ದು ತೋರಿಸುವ ಫೇಸ್ ಕಾಂಟ್ರಾಸ್ಟ್ ವ್ಯವಸ್ಥೆ ಇದ್ದರೆ ಅಂಚುಗಳು ಸ್ಪಷ್ಟ. ನೋಡಬೇಕಾದ್ದು ಜನನಾಂಗದ ಬೆನ್ನಿನ ಕಡೆಯ ತೆಳು ಫಲಕವನ್ನು. ಕಿಲೋನಿಸ್‌ನಲ್ಲಿ ಅದು ತ್ರಿಕೋನ, ಎರಡೂ ಪಕ್ಕಕ್ಕೆ ಅರ್ಧಚಂದ್ರದಂಥ ಉಬ್ಬು ಎದ್ದು ಕಾಣುತ್ತದೆ. ಕುಡಿಮೀಸೆಯ ಅತಿ ಉದ್ದದ ಕೂದಲು ಅದರ ತುದಿಭಾಗದ ಅಗಲದ ಸುಮಾರು ಎರಡೂವರೆ ಪಟ್ಟು. ಭತ್ತದ ಕಾಂಡಕೊರಕಕ್ಕೆ ಬಿಡುವ ಟ್ರೈಕೋಗ್ರಾಮ ಜಪೋನಿಕಮ್‌ನಲ್ಲಿ ಅಂಥ ಎದ್ದ ಉಬ್ಬು ಕಾಣುವುದಿಲ್ಲ.

ಹೆಚ್ಚಿನವರು ಎಡವುವುದು ಇಲ್ಲೇ: ಜನನಾಂಗ ಸ್ವಲ್ಪ ವಾಲಿದರೂ ಫಲಕ ಕಿರಿದಾಗಿ ಕಂಡು, ಒಂದು ಪಕ್ಕದ ಉಬ್ಬು ಮಾಯವಾಗುತ್ತದೆ, ‘ಹೊಸ ಪ್ರಭೇದ’ ಹುಟ್ಟುತ್ತದೆ! ಎಡ ಬಲ ಸಮವಾಗಿ ಕಾಣದ ಸ್ಲೈಡನ್ನು ಅಳತೆಯಿಂದ ಹೊರಗಿಡಿ. ಒಂದು ಗಂಡಿನಿಂದ ತೀರ್ಮಾನ ಬೇಡ, ಕನಿಷ್ಠ ಹತ್ತು ನೋಡಿ.

ಗಂಡೇ ಹುಟ್ಟದಿದ್ದರೆ, ಕೂಡದೆಯೇ ಹೆಣ್ಣು ಮರಿ ಹುಟ್ಟುವಂತೆ ಮಾಡುವ ವೊಲ್ಬಾಕಿಯ ಬ್ಯಾಕ್ಟೀರಿಯಾ ಒಳಗಿರಬಹುದು. ಜೇನಿನಲ್ಲಿ ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಬೆರೆಸಿ ಹೆಣ್ಣಿಗೆ ತಿನ್ನಿಸಿದರೆ ಮುಂದಿನ ಪೀಳಿಗೆಗಳಲ್ಲಿ ಗಂಡು ಬರುತ್ತವೆ.

ಡಿಎನ್‌ಎ ವಿಚಾರ: ಐಟಿಎಸ್‌-2 ಎಂಬ ಡಿಎನ್‌ಎ ತುಣುಕಿನ ಅಕ್ಷರಗಳ ಅನುಕ್ರಮ ಬಹುತೇಕ ಪ್ರಭೇದಗಳನ್ನು ಬೇರ್ಪಡಿಸುತ್ತದೆ, ಹೆಣ್ಣು ಮಾತ್ರ ಇದ್ದಾಗಲೂ ನಡೆಯುತ್ತದೆ. ಆದರೆ ಹೋಲಿಸುವ ದತ್ತಾಂಶದಲ್ಲಿ ಹೆಸರು ತಪ್ಪಿದ್ದರೆ ನಿಮ್ಮ ಉತ್ತರವೂ ತಪ್ಪು. ಅದೇ ಸಂತತಿಯ ಗಂಡಿನ ಸ್ಲೈಡ್ ಜೊತೆಗಿಡದೆ ಅನುಕ್ರಮ ಮಾತ್ರ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

ಸ್ಲೈಡ್, ಡಿಎನ್‌ಎ ಎರಡರಿಂದಲೂ ಬಗೆಹರಿಯದಿದ್ದರೆ ಅಡ್ಡ ಸಂಕರ, ಅಂದರೆ ಎರಡು ಕಡೆಯ ಗಂಡು ಹೆಣ್ಣುಗಳನ್ನು ಕೂಡಿಸಿ ನೋಡುವುದು. ಉತ್ತರ ಅಮೆರಿಕದ ಮಿನುಟಮ್ ಮತ್ತು ಪ್ಲಾಟ್ನೆರಿ ರೂಪದಲ್ಲಿ ಒಂದೇ. ಬೇರೆಯೆಂದು ತಿಳಿದದ್ದು ಸಂಕರ ಕೂಡದ್ದರಿಂದ. ಒಳಗೆ ಕಣಜ ಬೆಳೆದು ಕಪ್ಪಾಗಿರುವ, ಅಕ್ಕಿ ಪತಂಗದ ಮೊಟ್ಟೆಗಳನ್ನು ಕಣಜ ಹೊರಬರುವ ಮೊದಲೇ ಒಂದೊಂದಾಗಿ ಗಾಜಿನ ನಳಿಕೆಗೆ ಹಾಕಿ. ತಡವಾದರೆ ಹೊರಬಂದ ಕೂಡಲೇ ಅಲ್ಲೇ ಕೂಡಿರುತ್ತವೆ. ಕಾರ್ಡಿನ ಗಂಡು–ಗದ್ದೆಯ ಹೆಣ್ಣು, ಗದ್ದೆಯ ಗಂಡು–ಕಾರ್ಡಿನ ಹೆಣ್ಣು, ಜೊತೆಗೆ ಎರಡೂ ಕಡೆಯ ಸ್ವಂತ ಜೋಡಿಗಳು. ಫಲಿಸದ ಮೊಟ್ಟೆ ಗಂಡಾಗುವುದರಿಂದ, ಮರಿಗಳಲ್ಲಿ ಹೆಣ್ಣು ಬಂದರಷ್ಟೇ ಸಂಕರವಾಗಿದೆ ಎಂದರ್ಥ. ಬರೀ ಗಂಡು ಬಂದರೆ, ಸ್ವಂತ ಜೋಡಿಗಳಲ್ಲಿ ಹೆಣ್ಣು ಹುಟ್ಟಿವೆಯೇ ಎಂದು ಮೊದಲು ನೋಡಿ.

ನಿಮ್ಮ ಸಂದರ್ಭದಲ್ಲಿ ಎರಡೂ ಕಣಜಗಳನ್ನು ಒಂದೇ ಉಷ್ಣತೆಯಲ್ಲಿ, ಅಕ್ಕಿ ಪತಂಗದ ಮೊಟ್ಟೆಯ ಮೇಲೆ ಒಂದು ಪೀಳಿಗೆ ಬೆಳೆಸಿ. ಎಂಟು ಹತ್ತು ದಿನ ಸಾಕು. ಬಣ್ಣದ ವ್ಯತ್ಯಾಸ ಅಲ್ಲೇ ಅಳಿಯಬಹುದು. ಅಳಿದರೂ ಉಳಿದರೂ ಗಂಡುಗಳ ಸ್ಲೈಡ್ ಮಾಡಿ.