ಯೇಲ್‌ನ ವಸತಿ ಕಾಲೇಜುಗಳಲ್ಲಿ ‘ಫೆಲೋ’ ಎಂದರೆ ಯಾರು? ಅವರು ಅಲ್ಲೇ ಪಾಠ ಮಾಡುತ್ತಾರಾ?

ಫೆಲೋ ಎಂದರೆ ಕಾಲೇಜಿನ ಬಳಗಕ್ಕೆ ಸೇರಿದ ಪ್ರೊಫೆಸರ್‌ಗಳು ಮತ್ತು ಹೊರಗಿನ ಕೆಲವರು; ಅಲ್ಲಿ ಪಾಠ ಮಾಡುವುದು ಅವರ ಮುಖ್ಯ ಕೆಲಸವಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಇಂಥ 14 ವಸತಿ ಕಾಲೇಜುಗಳಿವೆ. ಮೊದಲಿನವು 1933ರಲ್ಲಿ ಶುರುವಾದವು. ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ. ಕಾಲೇಜು ಎಂದರೆ ವಿದ್ಯಾರ್ಥಿಗಳು ಉಳಿಯುವ, ಉಣ್ಣುವ, ಬೆರೆಯುವ ಜಾಗ. ಅದರ ಹೆಡ್ (ಮುಖ್ಯಸ್ಥರು) ಮತ್ತು ಡೀನ್ (ವಿದ್ಯಾರ್ಥಿಗಳ ಓದಿನ ವಿಷಯ ನೋಡಿಕೊಳ್ಳುವವರು) ಅಲ್ಲೇ ವಾಸ ಮಾಡುತ್ತಾರೆ.

ಫೆಲೋಗಳಲ್ಲಿ ಹೆಚ್ಚಿನವರ ಮನೆ ಹೊರಗೇ. ಬೇರೆ ಬೇರೆ ವಿಭಾಗಗಳ ಪ್ರೊಫೆಸರ್‌ಗಳು ಇರುತ್ತಾರೆ. ಜೊತೆಗೆ ವಕೀಲರು, ಡಾಕ್ಟರುಗಳು, ಪತ್ರಕರ್ತರು, ಕಲಾವಿದರಂಥ ಹೊರಗಿನವರೂ ಇರುತ್ತಾರೆ. ಕೆಲವರು ಮೊದಲ ವರ್ಷದವರಿಗೆ ಯಾವ ಕೋರ್ಸ್ ತೆಗೆದುಕೊಳ್ಳಬೇಕು ಎಂದು ಸಲಹೆ ಕೊಡುತ್ತಾರೆ. ಕಾಲೇಜಿನ ಊಟದ ಹಾಲ್‌ಗೆ ಬಂದು, ತಟ್ಟೆ ಹಿಡಿದು ವಿದ್ಯಾರ್ಥಿಗಳ ಪಕ್ಕವೇ ಕೂರುತ್ತಾರೆ. ನನಗೆ ಜಾಸ್ತಿ ಇಷ್ಟವಾಗುವುದು ಇದೇ. ಫಿಸಿಕ್ಸ್ ಓದುವ ಹುಡುಗಿ ಇತಿಹಾಸದ ಪ್ರೊಫೆಸರ್ ಜೊತೆ ಅಂಕಗಳ ಚಿಂತೆಯಿಲ್ಲದೆ ಹರಟಬಹುದು, ಅಲ್ವಾ?