ಥೈರಾಯ್ಡ್ ಕಡಿಮೆ, ಮಾತ್ರೆ ನುಂಗಿದರೂ ಟಿಎಸ್‌ಎಚ್ 5.8. ಈಗ ಮಗುವಿಗೆ ಪ್ರಯತ್ನಿಸಬಹುದೇ? (ಶಿರಸಿ)

ಟಿಎಸ್‌ಎಚ್ ಎಂದರೆ ಥೈರಾಯ್ಡ್ ಹಾರ್ಮೋನ್ ಕಡಿಮೆಯಾದಾಗ ರಕ್ತಪರೀಕ್ಷೆಯಲ್ಲಿ ಏರುವ ಅಂಕಿ. ಮೊದಲು ಅದು 2.5ರ ಕೆಳಗೆ ಇಳಿಯಲಿ. ಅದು ಏರಿದ್ದರೆ ಅಂಡಾಣು ಬಿಡುಗಡೆ ತಪ್ಪಬಹುದು, ಗರ್ಭಪಾತದ ಭಯವೂ ಹೆಚ್ಚು. ಡೋಸ್ ಬದಲಿಸಿದರೆ 6ರಿಂದ 8 ವಾರ ಬಿಟ್ಟು ಮರುಪರೀಕ್ಷೆ ಮಾಡಿಸಿ. ಅವಸರಪಟ್ಟರೆ ಸರಿಯಾದ ಅಂಕಿ ಸಿಗದು.

ಡೋಸ್ ಏರಿಸುವ ಮೊದಲು ನುಂಗುವ ರೀತಿ ನೋಡಿಕೊಳ್ಳಿ. ನಮ್ಮ ಕಡೆ ಎಡವಟ್ಟಾಗುವುದು ಹಾಲು ಹಾಕಿದ ಬೆಳಗಿನ ಕಷಾಯದಲ್ಲೇ. ಮಾತ್ರೆಗೆ ಬರೀ ನೀರು. ಕಷಾಯ, ಚಾ, ದೋಸೆ ಎಲ್ಲ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಟ್ಟು. ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆಯನ್ನು ಹಿಡಿದಿಟ್ಟುಕೊಳ್ಳುತ್ತವೆ, 4 ಗಂಟೆ ಅಂತರ ಬೇಕು. ಫೋಲಿಕ್ ಆಮ್ಲ ಈಗಲೇ ಶುರುಮಾಡಿ, ದಿನಕ್ಕೆ 400 ಮೈಕ್ರೊಗ್ರಾಂ. ಮಳೆಗಾಲದ ತೇವಕ್ಕೆ ಮಾತ್ರೆ ಕೆಡುತ್ತದೆ. ಬಾಟಲಿ ಮುಚ್ಚಳ ಬಿಗಿಯಾಗಿರಲಿ, ಒಲೆ ಹತ್ತಿರ ಬೇಡ.

ಮೀನು ತಿಂದರೆ ಮಾತ್ರೆ ಬೇಡ ಎಂದು ಕಾರವಾರದವರು ಹೇಳುವುದು ಸುಳ್ಳು. ಮೀನಿನ ಅಯೋಡಿನ್ ಬೇರೆ, ಮಾತ್ರೆಯ ಹಾರ್ಮೋನ್ ಬೇರೆ.

ಮುಟ್ಟು ತಪ್ಪಿ ಎರಡು ಗೆರೆ ಬಂದರೆ ಅಂದೇ ಡಾಕ್ಟರಿಗೆ ಫೋನ್ ಮಾಡಿ. ವಾರಕ್ಕೆ 7 ಮಾತ್ರೆ ಇದ್ದದ್ದನ್ನು ಸಾಮಾನ್ಯವಾಗಿ 9 ಮಾಡುತ್ತಾರೆ, ಏಕೆಂದರೆ ಮೊದಲ ಮೂರು ತಿಂಗಳು ಮಗು ತಾಯಿಯ ಹಾರ್ಮೋನನ್ನೇ ನೆಚ್ಚಿಕೊಂಡಿರುತ್ತದೆ. ಆಮೇಲೆ ಐದನೇ ತಿಂಗಳವರೆಗೆ 4 ವಾರಕ್ಕೊಮ್ಮೆ ಟಿಎಸ್‌ಎಚ್. ‘ಬಸುರಿಗೆ ಮಾತ್ರೆ ಬೇಡ’ ಎಂದು ಯಾರೇ ಹೇಳಿದರೂ ನಿಲ್ಲಿಸಬೇಡಿ.